ಮೊದಲು ಮಾತ್ರೆ, ಆಮೇಲೆ ನಡಿಗೆ

ಮಧ್ಯಾಹ್ನ ಮೂರು ಹೊಡೆಯಿತು ಅಂದರೆ ಆಯಮ್ಮ ನೀರಿನ ಲೋಟ ತೊಳೆದು ಕವುಚಿ ಇಟ್ಟುಬಿಡುತ್ತಿದ್ದಳು. ಬಿಸಿಲಿಗೆ ಗೋಡೆ ಸುಡುತ್ತಿದ್ದರೂ ಅಷ್ಟೆ, ನಾಲಿಗೆ ಅಂಗುಳಿಗೆ ಅಂಟಿಕೊಂಡರೂ ಅಷ್ಟೆ, ಮಾರನೇ ದಿನ ಬೆಳಗ್ಗೆ ಎಂಟೂವರೆಯ ತನಕ ಒಂದು ಗುಟುಕು ಗಂಟಲಲ್ಲಿ ಇಳಿಯುವ ಹಾಗಿರಲಿಲ್ಲ. ಇದೇನು ಹಟವಲ್ಲ, ಹುಚ್ಚೂ ಅಲ್ಲ. ಹೆತ್ತ ಮಗಳು ಮಾಡಿದ ಉಪಕಾರ!

ಮಗಳು ಆರೋಗ್ಯ ಇಲಾಖೆಯಲ್ಲಿ ಆಫೀಸರ್. ಬಡಾವಣೆಯ ವಯಸ್ಸಾದವರಿಗೆಲ್ಲ ಆರೋಗ್ಯ ಕೊಟ್ಟೇ ತೀರುತ್ತೇನೆ ಅಂತ ಪಣ ತೊಟ್ಟು, ಪಾರ್ಕಿನಲ್ಲಿ ದಿನಾ ಬೆಳಗ್ಗೆ ಆರೂವರೆಗೆ ‘ಹಿರಿಯರ ಶಿಬಿರ’ ಶುರು ಮಾಡಿಸಿದ್ದಳು. ಮೂವತ್ತೆಂಟು ಜನ ಬರುತ್ತಿದ್ದರು. ಬಿಪಿ ನೋಡುವುದು, ಕೈಕಾಲು ಆಡಿಸುವುದು, ನಾಲ್ಕು ಸುತ್ತು ನಡಿಗೆ, ಕೊನೆಗೆ ಕಾರ್ಡಿಗೆ ಸೀಲು. ತಿಂಗಳಲ್ಲಿ ನಾಲ್ಕು ಸೀಲು ತಪ್ಪಿದರೆ ಕಾರ್ಡು ರದ್ದು. ಕಾರ್ಡು ರದ್ದಾದರೆ ಪುಕ್ಕಟೆ ಮಾತ್ರೆ ಬಂದ್. ಮೊದಮೊದಲು ಮಾತ್ರೆಗಳನ್ನು ಮನೆಗೇ ಕೊಟ್ಟು ಕಳಿಸುತ್ತಿದ್ದರು. ಒಂದು ದಿನ ಬೆಂಚಿನ ಕೆಳಗೆ ಯಾರೋ ಬೀಳಿಸಿಕೊಂಡ ಎರಡು ಮಾತ್ರೆ ಮಗಳ ಕಣ್ಣಿಗೆ ಬಿದ್ದವು ನೋಡಿ, ಅವತ್ತೇ ಹೊಸ ಕಾನೂನು ಬಂತು. ಮೊದಲು ಮಾತ್ರೆ, ಆಮೇಲೆ ನಡಿಗೆ. ನರ್ಸಮ್ಮನ ಕಣ್ಣೆದುರಿಗೇ ನುಂಗಬೇಕು, ನುಂಗಿ ‘ಆ’ ಅನ್ನಬೇಕು, ನಾಲಿಗೆ ಎತ್ತಿ ತೋರಿಸಬೇಕು. ಅರವತ್ತು ವರ್ಷ ಮಾನವಾಗಿ ಬಾಳಿದವರು ಸಾಲಾಗಿ ನಿಂತು ಬಾಯಿ ಕಳೆದು ತೋರಿಸುತ್ತಿದ್ದರು.

ಆ ಮಾತ್ರೆಗಳಲ್ಲಿ ಒಂದು ಬಿಪಿಯ ನೀರಿನ ಮಾತ್ರೆ. ನುಂಗಿದ ಅರ್ಧ ಗಂಟೆಗೆ ಮೈಯ ನೀರನ್ನೆಲ್ಲ ಕೆಳಗಿಳಿಸಿ ಮನುಷ್ಯನನ್ನು ಓಡಿಸುತ್ತೆ. ಓಡುವುದಾದರೂ ಎಲ್ಲಿಗೆ? ಪಾರ್ಕಿನ ಮೂಲೆಯಲ್ಲಿ ಶಿಬಿರಕ್ಕೆಂದೇ ಕಟ್ಟಿಸಿದ ಹೊಸ ಶೌಚಾಲಯವೇನೋ ಇತ್ತು. ಬಿಳಿ ಟೈಲ್ಸು, ಹಿಡಿದುಕೊಂಡು ಏಳಲು ಸ್ಟೀಲಿನ ಕಂಬಿ, ಎಲ್ಲ ಇತ್ತು. ಬಾಗಿಲಿಗೆ ಮುಷ್ಟಿ ಗಾತ್ರದ ಬೀಗವೂ ಇತ್ತು. ದೊಡ್ಡ ಸಾಹೇಬರು ಬಂದು ಉದ್ಘಾಟನೆ ಮಾಡಬೇಕು, ಅವರಿಗೆ ಪುರುಸೊತ್ತಿಲ್ಲ, ದಿನಾಂಕ ಆಗಲೇ ಮೂರು ಸಲ ಮುಂದಕ್ಕೆ ಹೋಗಿತ್ತು. ಅಲ್ಲಿಯ ತನಕ ಯಾರೂ ಗಲೀಜು ಮಾಡಬಾರದು. ಬೀಗದ ಕೈ ಮಗಳ ಕೈಚೀಲದಲ್ಲಿತ್ತು.

ಹಾಗಾಗಿ ಮೂವತ್ತೆಂಟು ಜನವೂ ತಮ್ಮತಮ್ಮಲ್ಲೇ ಒಂದು ದಾರಿ ಕಂಡುಕೊಂಡಿದ್ದರು. ಒಳಗೆ ಹೋದರೆ ತಾನೇ ಹೊರಗೆ ಬರೋದು? ಮಧ್ಯಾಹ್ನದ ಮೇಲೆ, ಮಾತ್ರೆ ನುಂಗುವ ಒಂದು ಗುಟುಕು ಬಿಟ್ಟರೆ, ನೀರನ್ನೇ ಬಿಟ್ಟರು. ಆಯಮ್ಮನೂ ಬಿಟ್ಟಳು. ಆಫೀಸರ ತಾಯಿಯೇ ನಡುವೆ ಎದ್ದು ಮನೆಗೆ ಓಡಿದಳು ಅಂದರೆ ಮಗಳ ಮರ್ಯಾದೆ ಏನಾಗಬೇಕು?

ಆಯಮ್ಮ ಅನ್ನುವುದು ಅವಳ ಹೆಸರಲ್ಲ, ಕೆಲಸ. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದವಳು. ಬೆಡ್‌ಪ್ಯಾನು ಇಟ್ಟಿದ್ದಾಳೆ, ತೆಗೆದಿದ್ದಾಳೆ, ಎಲುಬಿನ ಗೂಡಾದವರ ಬೆನ್ನು ಒರೆಸಿದ್ದಾಳೆ. ಆ ಸಂಬಳದಲ್ಲೇ ಮಗಳು ಓದಿ ಆಫೀಸರಾಗಿದ್ದು. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಬೀದಿಯವರ ಬಾಯಲ್ಲಿ ಅವಳು ಆಯಮ್ಮನೇ. ಮಗಳಿಗೆ ಮಾತ್ರ ಯಾರಾದರೂ ಹಾಗೆ ಕರೆದರೆ ಮುಖ ಗಂಟಾಗುತ್ತಿತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ಮಾತು ಬಂತು. ಅಳಿಯ ಫ್ರಿಜ್ ರಿಪೇರಿ ಮಾಡುವವನು, ಬೇಗ ಮನೆಗೆ ಬಂದ ದಿನ ಅಡುಗೆ ಅವನದೇ. ಅನ್ನ ಬಡಿಸಿ, ಬೇಳೆ ಹಾಕಿ, ಅತ್ತೆಯ ಮುಂದೆ ನೀರಿನ ಲೋಟ ಇಟ್ಟ. ಆಯಮ್ಮ ಅದನ್ನು ಬೆರಳಿನಿಂದ ಆಚೆ ಸರಿಸಿದಳು.

“ಅಮ್ಮ, ನೀರು ಕುಡಿ,” ಅಂದಳು ಮಗಳು, ಫೋನಿನಿಂದ ಕಣ್ಣು ತೆಗೆಯದೆ. “ನಿನ್ನ ವಯಸ್ಸಿನವರಿಗೆ ದಿನಕ್ಕೆ ಎಂಟು ಲೋಟ ಬೇಕು.”

“ಕುಡಿದು ಬೆಳಗ್ಗೆ ಎಲ್ಲಿಗೆ ಹೋಗ್ಲಿ? ಆ ಬೀಗ ತೆಗೆಸೇ ಮೊದ್ಲು.”

“ಮತ್ತೆ ಅದೇ ರಾಗ. ಮನೆ ಬಿಡೋ ಮುಂಚೆ ಹೋಗಿ ಬಂದ್ರಾಯ್ತಲ್ಲ. ಅದನ್ನೂ ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ ಹೇಳ್ಬೇಕಾ?”

“ಮಾತ್ರೆ ನುಂಗಿಸೋದು ಅಲ್ಲಿ ಹೋದ ಮೇಲೆ ತಾನೇ? ಅದು ಏಳು ಗಂಟೆಗೆ ಹಿಡ್ಕೊಳ್ಳುತ್ತೆ. ಸೀಲು ಹೊಡೆಯೋದು ಎಂಟೂವರೆಗೆ. ನಡುವೆ ಏನು ಕಾಲು ಹೆಣೆದುಕೊಂಡು ಕೂತಿರ್ಬೇಕಾ?”

ಅಳಿಯ ಕಿಸಕ್ಕೆಂದ. “ಉದ್ಘಾಟನೆ ಆಗೋ ತನಕ ಮುದುಕರ ಹೊಟ್ಟೆಗೂ ಒಂದೊಂದು ರಿಬ್ಬನ್ ಕಟ್ಟಿಸಿಬಿಡು. ಸಾಹೇಬ್ರೇ ಬಂದು ಕತ್ತರಿಸ್ಲಿ.”

“ನಿಮಗೆಲ್ಲ ತಮಾಷೆ. ಬೀಗ ತೆಗೆದ್ರೆ ಎರಡು ದಿನಕ್ಕೆ ಅದನ್ನ ಏನು ಮಾಡಿಡ್ತಾರೆ ಅಂತ ನನಗೆ ಗೊತ್ತು.”

“ನಮ್ಮಂಥವರು ಗಲೀಜು ಮಾಡ್ತೀವಿ ಅಂತ ತಾನೇ? ನೇರವಾಗಿ ಹೇಳು,” ಅಂದಳು ಆಯಮ್ಮ. “ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದೀನಿ ಕಣೇ. ವಯಸ್ಸಾದ ಮೈ ಎಷ್ಟು ತಡ್ಕೊಳ್ಳುತ್ತೆ ಅಂತ ನನ್ನ ಕೇಳು.”

“ಆಯಾ ಕೆಲಸ ಬೇರೆ, ಪಬ್ಲಿಕ್ ಹೆಲ್ತ್ ಬೇರೆ ಅಮ್ಮ.”

ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರಾ! ಆಯಮ್ಮನಿಗೆ ಎದೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಮೊಮ್ಮಗಳು, “ಅಜ್ಜೀ, ಊಟ ಬಿಡ್ಬೇಡ,” ಅಂದರೂ ಕೇಳದೆ ಸಿಂಕಿನ ಹತ್ತಿರ ನಿಂತು ಪಾತ್ರೆಗಳನ್ನು ದಡಬಡ ತೊಳೆದಳು. ಮಗಳು ಆಗಲೇ ಫೋನಿನಲ್ಲಿ ಯಾರಿಗೋ ‘ಹಾಜರಿ ತೊಂಬತ್ನಾಲ್ಕು ಪರ್ಸೆಂಟ್ ಸರ್’ ಅನ್ನುತ್ತಿದ್ದಳು.

ಶಿಬಿರದಲ್ಲಿ ಆಯಮ್ಮನ ಜೊತೆ ನಡೆಯುತ್ತಿದ್ದವನು ಮುದಿ ಟೈಲರ್. ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಒಬ್ಬನೇ ಇದ್ದ. ಈಗಲೂ ಬೀದಿಯವರ ಪ್ಯಾಂಟು ಮಡಿಚಿ ಹೊಲಿಗೆ ಹಾಕಿಕೊಡುತ್ತಿದ್ದ. ಬಾಯಿ ಮಾತ್ರ ಕತ್ತರಿಗಿಂತ ಹರಿತ.

“ಜೀವಮಾನವೆಲ್ಲ ಬೇರೆಯವರ ಸೊಂಟ ಅಳೆದೆ ಆಯಮ್ಮ. ಈಗ ನೋಡಿ, ನನ್ನ ನೀರಿಗೆ ನಾನೇ ಅಳತೆ. ನಿನ್ನೆ ಮಧ್ಯಾಹ್ನ ಒಂದು ಲೋಟ, ಮುಗೀತು.”

“ನಗ್ಬೇಡಿ ಟೈಲರಣ್ಣ. ಎಲ್ಲರೂ ಸೇರಿ ಒಂದು ಮಾತು ಹೇಳೋಣ ಬನ್ನಿ. ಒಬ್ಬಳೇ ಹೇಳಿದ್ರೆ ಅದು ಬರೀ ತಾಯಿ ಮಗಳ ಜಗಳ ಆಗುತ್ತೆ. ನೀವು ನಾಲ್ಕು ಜನ ಬಂದ್ರೆ ಕೇಳ್ತಾಳೆ.”

ಟೈಲರ್‌ನ ನಗು ನಿಂತಿತು. “ಬೇಡ ಆಯಮ್ಮ. ಎದುರು ಮಾತಾಡಿದ್ರು ಅಂತ ಕಾರ್ಡ್ ಹೋದ್ರೆ ನನಗೆ ಮಾತ್ರೆ ಯಾರು ಕೊಡ್ತಾರೆ? ನಿಮಗೇನು, ಹೊಟ್ಟೇಲಿ ಹುಟ್ಟಿದವಳೇ ಆಫೀಸರ್.”

ಆ ಮಾತಿಗೆ ಆಯಮ್ಮ ಅವನ ಮೇಲೂ ಸಿಟ್ಟಾದಳು. ಉಳಿದ ಎರಡು ಸುತ್ತು ಮಾತಿಲ್ಲದೆ, ಹೊಟ್ಟೆ ಬಿಗಿಹಿಡಿದು ನಡೆದಳು.

ಮುಂದಿನ ವಾರ ಮೊಮ್ಮಗಳು ಕೆಲಸದಿಂದ ಒಂದು ಸುರುಳಿ ತಂದಳು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅವಳಿಗೆ ಕೆಲಸ. ನಡುಮನೆಯಲ್ಲಿ ಬಿಡಿಸಿದರೆ ನೀಲಿ ಪೋಸ್ಟರ್, ಅದರ ಮೇಲೆ ನಗುವ ಅಜ್ಜ ಅಜ್ಜಿ, ಕೈಯಲ್ಲಿ ಲೋಟ. ‘ನೀರು ಕುಡಿಯಿರಿ, ನೂರು ಕಾಲ ಬಾಳಿರಿ.’

“ಅಮ್ಮ ಇನ್ನೂರು ಆರ್ಡರ್ ಕೊಟ್ಟಿದಾಳೆ ಅಜ್ಜಿ. ದೊಡ್ಡದನ್ನ ಎಲ್ಲಿ ಅಂಟಿಸ್ತಾಳೆ ಗೊತ್ತಾ? ಟಾಯ್ಲೆಟ್ ಬಾಗಿಲ ಮೇಲೆ. ಬೀಗದ ಪಕ್ಕದಲ್ಲೇ!”

“ಅಯ್ಯೋ ನಿನ್ನ!” ಅಂದ ಅಳಿಯ. ಈ ಸಲ ಅವನಿಗೂ ನಗು ಬರಲಿಲ್ಲ.

ಮಗಳು ಬಟ್ಟೆ ಬದಲಿಸಿ ಹೊರಗೆ ಬಂದಳು. ಮೊಮ್ಮಗಳು ಕೇಳಿಯೇಬಿಟ್ಟಳು. “ಅಮ್ಮ, ಇದನ್ನ ಬರೆಯೋ ಮುಂಚೆ ಒಬ್ಬರನ್ನಾದ್ರೂ ಕೇಳಿದ್ಯಾ, ನೀರು ಯಾಕೆ ಕುಡಿಯಲ್ಲ ಅಂತ?”

“ಕೇಳೋದೇನಿದೆ? ಅರಿವಿಲ್ಲ, ಅದಕ್ಕೇ ಕುಡಿಯಲ್ಲ. ಅರಿವು ಮೂಡಿಸೋದೇ ನಮ್ಮ ಕೆಲಸ.”

“ಅಜ್ಜಿಗೆ ಅರಿವಿಲ್ವಾ?”

“ನೋಡು, ದೊಡ್ಡವರ ಮಾತಲ್ಲಿ ಬಾಯಿ ಹಾಕ್ಬೇಡ.”

“ಅವಳು ಬಾಯಿ ಹಾಕ್ಲಿ ಬಿಡೇ,” ಅಂದಳು ಆಯಮ್ಮ. “ನಮ್ಮ ಬಾಯಿ ಇರೋದು ನಿನ್ನ ನರ್ಸಮ್ಮನಿಗೆ ನಾಲಿಗೆ ತೋರಿಸೋಕೆ ಮಾತ್ರ. ಅವಳದಾದ್ರೂ ಮಾತಾಡ್ಲಿ.”

ಮಗಳು ಪೋಸ್ಟರ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಮಾರನೇ ಬೆಳಗ್ಗೆ ಅದು ಹೇಳಿದ ಜಾಗದಲ್ಲೇ ಇತ್ತು.

ಬಿಸಿಲು ಏರುತ್ತಾ ಹೋಯಿತು. ಬೆಳಗ್ಗೆ ಏಳಕ್ಕೇ ಪಾರ್ಕಿನ ಕಲ್ಲು ಕಾಯುತ್ತಿತ್ತು. ಒಂದು ಸೋಮವಾರ ಮೂರನೇ ಸುತ್ತಿನಲ್ಲಿ ಟೈಲರ್ ಮಾತು ತೊದಲಿದ. ಆಯಮ್ಮ ತಿರುಗಿ ನೋಡುವಷ್ಟರಲ್ಲಿ ಕುಸಿದು ಕೂತ, ಕೂತವನು ಮಗ್ಗುಲಿಗೆ ಬಿದ್ದ. ನರ್ಸಮ್ಮ ಬಿಪಿ ಮೆಷಿನ್ನು ಹುಡುಕುತ್ತಾ ಓಡಿದಳು. ಆಯಮ್ಮ ಕೆಳಗೆ ಕೂತು ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡಳು. ತುಟಿ ಬಿರಿದಿತ್ತು, ನಾಲಿಗೆ ಒಣಗಿ ಮರದ ಚಕ್ಕೆಯಾಗಿತ್ತು. ಎದೆಯ ಮೇಲಿನ ಚರ್ಮ ಚಿವುಟಿ ಬಿಟ್ಟಳು. ಚಿವುಟಿದ ಮಡಿಕೆ ಹಾಗೇ ನಿಂತಿತು.

“ಮೆಷಿನ್ ಬಿಡಮ್ಮ, ಆಂಬುಲೆನ್ಸ್ ಕರೆ!” ಅಂತ ಕಿರುಚಿದಳು. “ನೀರಿಲ್ಲದೆ ಒಣಗಿಹೋಗಿದಾನೆ ಮನುಷ್ಯ!”

ಆಸ್ಪತ್ರೆಯಲ್ಲಿ ಡಾಕ್ಟರೂ ಅದನ್ನೇ ಹೇಳಿದರು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಡ್ರಿಪ್ ಹಾಕಿದ್ದೇವೆ, ಎರಡು ದಿನ ಏನೂ ಹೇಳೋಕಾಗಲ್ಲ ಅಂದರು.

ಮಂಗಳವಾರ ಸಂಜೆ ಮಗಳು ಮನೆಗೆ ಬಂದಾಗ ಮುಖ ಸುಣ್ಣ ಬಳಿದಂತಿತ್ತು. ಅಳಿಯ ಬ್ರೆಡ್ಡು ಬಿಸಿ ಮಾಡಿ, ಮೊಟ್ಟೆ ಬೇಯಿಸಿ ಇಟ್ಟಿದ್ದ. ಯಾರೂ ಮುಟ್ಟಿರಲಿಲ್ಲ. ಮಗಳು ಕೈಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ, ತಾಯಿಯ ಕಡೆಗೆ ತಿರುಗಿಸಿ ಇಟ್ಟಳು.

“ನಾಳೆ ಸಂಜೆಯೊಳಗೆ ಮೇಲಕ್ಕೆ ವರದಿ ಕಳಿಸ್ಬೇಕು. ಶಿಬಿರದವರು ಒಬ್ಬರು ಸಾಕ್ಷಿ ಸಹಿ ಹಾಕ್ಬೇಕು. ನೀನು ಪಕ್ಕದಲ್ಲೇ ಇದ್ಯಲ್ಲ.”

ಮೊಮ್ಮಗಳು ಹಾಳೆ ಎತ್ತಿಕೊಂಡು ಜೋರಾಗಿ ಓದಿದಳು. “‘ಸಿಬ್ಬಂದಿ ಪದೇಪದೇ ತಿಳಿಹೇಳಿದ್ದರೂ, ಅರಿವಿನ ಕೊರತೆಯಿಂದಾಗಿ ಸದರಿ ವ್ಯಕ್ತಿಯು ಸಾಕಷ್ಟು ನೀರು ಸೇವಿಸದೆ...’”

“ಸಾಕು, ಇಡು ಕೆಳಗೆ,” ಅಂದಳು ಆಯಮ್ಮ. “ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ. ಅಲ್ವೇನೇ? ಅಲ್ಲಿ ಬಿದ್ದಿರೋದು ಅವನು, ಮೀಸೆ ಒರೆಸ್ಕೊಳ್ತಿರೋದು ನೀನು.”

“ಅಮ್ಮ, ಅರ್ಥ ಮಾಡ್ಕೋ. ನನ್ನ ಕೆಲಸ ಹೋಗುತ್ತೆ. ಶಿಬಿರನೇ ಮುಚ್ಚಿಸಿಬಿಡ್ತಾರೆ. ಆಗ ಯಾರಿಗೂ ಮಾತ್ರೆ ಇಲ್ಲ. ಅದು ಬೇಕಾ ನಿನಗೆ?”

“ಬೀಗದ ವಿಷಯ ಎಲ್ಲಿ ಬರೆದಿದೀಯ, ತೋರಿಸು.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

ಆಯಮ್ಮ ಎದ್ದು ಮೇಜು ಗುದ್ದಿದಳು. ತಟ್ಟೆ, ಚಮಚ ಎಲ್ಲ ಎಗರಿದವು. “ಸಂಬಂಧ ಏನು ಅಂತ ಕೇಳ್ತೀಯಾ? ನಿನ್ನೆದುರು ನಿಂತಿದೀನಲ್ಲ, ನಾನೇ ಸಂಬಂಧ! ಎರಡು ತಿಂಗಳಿಂದ ಮಧ್ಯಾಹ್ನ ಮೂರರ ಮೇಲೆ ನಾನು ಒಂದು ತೊಟ್ಟು ನೀರು ಕುಡಿದಿಲ್ಲ. ಟೈಲರೂ ಕುಡೀಲಿಲ್ಲ. ಅಲ್ಲಿ ಬರೋ ಮೂವತ್ತೆಂಟು ಜನರಲ್ಲಿ ಒಬ್ಬರೂ ಕುಡಿಯಲ್ಲ. ಮಾತ್ರೆ ನುಂಗಿಸಿ ಬಾಗಿಲಿಗೆ ಬೀಗ ಜಡಿದೆಯಲ್ಲ, ಅದಕ್ಕೆ! ನಿನ್ನೆ ನಾನು ಬಿದ್ದಿದ್ರೂ ಇದನ್ನೇ ಬರೀತಿದ್ದೆ. ‘ಸದರಿ ವ್ಯಕ್ತಿ’ ಅಂತ.”

ಮಗಳು ಗಂಡನ ಕಡೆ ನೋಡಿದಳು, ಆಮೇಲೆ ತನ್ನ ಮಗಳ ಕಡೆ. ಇಬ್ಬರೂ ತಲೆ ತಗ್ಗಿಸಿದ್ದರು.

“ನಿಮಗೆಲ್ಲ ಗೊತ್ತಿತ್ತಾ? ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ಅತ್ತೆ ಹೇಳಿದ್ರಲ್ಲ ನಿನಗೆ,” ಅಂದ ಅಳಿಯ ಮೆಲ್ಲಗೆ. “ಇದೇ ಮೇಜಿನಲ್ಲಿ ಕೂತು ಹೇಳಿದ್ರು. ನಾನು ತಮಾಷೆ ಮಾಡಿದೆ, ನೀನು ಪಾಠ ಮಾಡಿದೆ.”

ಮಗಳು ಹಾಳೆ ಮಡಿಚಿಕೊಂಡಳು. “ನಾಳೆ ನಾನೇ ಹೋಗಿ ಟೈಲರ್‌ನ ಕೇಳ್ತೀನಿ. ಅವರೇನು ಹೇಳ್ತಾರೋ ಅದನ್ನೇ ಬರೀತೀನಿ. ಸರಿ ತಾನೇ?”

“ಕೇಳು. ಕೇಳಿ ಬಾಯಿ ಮುಚ್ಕೊಂಡಿರು. ನಾನೂ ಬರ್ತೀನಿ.”

ಬುಧವಾರ ಟೈಲರ್‌ಗೆ ಪ್ರಜ್ಞೆ ಚೆನ್ನಾಗಿ ಬಂದಿತ್ತು. ಆಯಮ್ಮನನ್ನು ಕಂಡು ಕಣ್ಣರಳಿಸಿದವನು, ಹಿಂದೆ ಮಗಳು ಬಂದದ್ದು ಕಂಡ ಕೂಡಲೇ ದಿಂಬಿನಿಂದ ಏಳಲು ಹವಣಿಸಿದ.

“ಮಲಗಿ, ಮಲಗಿ. ಒಂದು ವಿಷಯ ಕೇಳೋಣ ಅಂತ ಬಂದೆ,” ಅಂದಳು ಮಗಳು. “ನೀವು ನೀರು ಯಾಕೆ ಕುಡೀತಿರ್ಲಿಲ್ಲ?”

ಟೈಲರ್ ಅವಳ ಕೈಯಲ್ಲಿದ್ದ ಹಾಳೆ ನೋಡಿದ. “ತಪ್ಪಾಯ್ತು ಮೇಡಮ್. ಮರೆತುಬಿಟ್ಟೆ. ವಯಸ್ಸಾಯ್ತಲ್ಲ, ಅರಳುಮರಳು. ನೀವು ಪಾಪ ದಿನಾ ಹೇಳ್ತಾನೇ ಇದ್ರಿ. ಪೋಸ್ಟರ್ ಬೇರೆ ಹಾಕ್ಸಿದ್ರಿ. ತಪ್ಪೆಲ್ಲ ನಂದೇ.”

“ನಿಜ ಹೇಳಿ, ಪರವಾಗಿಲ್ಲ.”

“ನಿಜಾನೇ ಮೇಡಮ್. ಈ ವಾರದ ಸೀಲು ತಪ್ಪಿಹೋಯ್ತು, ಕಾರ್ಡ್ ಮಾತ್ರ ಕಿತ್ಕೋಬೇಡಿ. ಎದ್ದ ದಿನವೇ ಬರ್ತೀನಿ.” ಡ್ರಿಪ್ಪಿನ ಸೂಜಿ ಚುಚ್ಚಿದ್ದ ಕೈಯನ್ನೇ ಮುಂದೆ ಚಾಚಿದ. “ಕೊಡಿ, ಎಲ್ಲಿ ಸಹಿ ಹಾಕ್ಲಿ?”

ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ! ಹಾಳೆ ಇತ್ತು, ಪೆನ್ನಿತ್ತು, ಸಹಿ ಹಾಕಲು ಕೈ ತಾನಾಗಿಯೇ ಬಂದಿತ್ತು. ಆಯಮ್ಮ ಮಗಳ ಮುಖವನ್ನೇ ದಿಟ್ಟಿಸಿದಳು. ಈಗ ಪೆನ್ನು ಕೊಟ್ಟಳೋ, ಇವತ್ತಿಗೆ ತಾಯಿ ಮಗಳ ಋಣ ತೀರಿತು ಅಂದುಕೊಂಡಳು. ಮಗಳು ಪೆನ್ನು ಕೊಡಲಿಲ್ಲ. ಹಾಳೆಯನ್ನು ಕೈಚೀಲಕ್ಕೆ ತುರುಕಿ ವಾರ್ಡಿನಿಂದ ಹೊರಗೆ ಹೋದಳು.

ಆಯಮ್ಮ ಹೋಗಿ ನೋಡಿದರೆ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದಾಳೆ.

“ಅವರು ನನ್ನ ಕಂಡ್ರೆ ಹೆದರ್ತಾರಾ ಅಮ್ಮ?”

“ಹೆದರ್ದೆ ಇನ್ನೇನು? ಸಾಯೋದಕ್ಕಿಂತ ನಿನ್ನ ಸೀಲಿಗೆ ಹೆದರ್ತಾನೆ ಆ ಮನುಷ್ಯ. ಮೂವತ್ತೆಂಟು ಜನರೂ ಹೆದರ್ತಾರೆ.” ಆಯಮ್ಮ ಉಸಿರೆಳೆದುಕೊಂಡಳು. “ನಾನೂ ಹೆದರ್ತೀನಿ. ಹೆತ್ತು ಸಾಕಿದ ನಾನು, ನಿನ್ನ ಮನೇಲಿ ನೀರು ಕುಡಿಯೋಕೆ ಹೆದರ್ತೀನಿ ಕಣೇ!”

ಮಗಳು ಅಳುತ್ತಿದ್ದಳು. ಆಯಮ್ಮ ಸಮಾಧಾನ ಮಾಡಲಿಲ್ಲ, ಮಾಡುವ ಮನಸ್ಸೂ ಬರಲಿಲ್ಲ. ಒಳಗೆ ಹೋಗಿ ಟೈಲರ್‌ಗೆ ಚಮಚದಲ್ಲಿ ನೀರು ಕುಡಿಸಿದಳು.

ಸಂಜೆ ಬೇರೆ ವರದಿ ಹೋಯಿತು. ಮಾತ್ರೆಯನ್ನು ಎದುರಿಗೇ ನುಂಗಿಸಿದ್ದು ತನ್ನ ಆದೇಶ, ಶೌಚಾಲಯಕ್ಕೆ ಬೀಗ ಹಾಕಿಸಿದ್ದು ತಾನು, ದೂರು ಬಂದಾಗ ಕಿವಿಗೆ ಹಾಕಿಕೊಳ್ಳದವಳೂ ತಾನೇ ಅಂತ ಮಗಳು ಬರೆದಿದ್ದಳು. ಶುಕ್ರವಾರ ಮೇಲಿನಿಂದ ವಿವರಣೆ ಕೇಳಿ ಮೆಮೊ ಬಂತು. ಅನುಮತಿಯಿಲ್ಲದೆ ಬೀಗ ತೆಗೆದರೆ ಅದಕ್ಕೂ ಪ್ರತ್ಯೇಕ ವಿವರಣೆ ಕೊಡಬೇಕು ಅಂತ ಅದರಲ್ಲೇ ಒಂದು ಸಾಲಿತ್ತು. ಅಳಿಯ ಅದನ್ನು ಓದಿ, “ಇವರ ಬುದ್ಧಿಗಿಷ್ಟು!” ಅಂದ. ಶನಿವಾರ ಬೆಳಗ್ಗೆ ಮಗಳು ಎಲ್ಲರಿಗಿಂತ ಮುಂಚೆ ಪಾರ್ಕಿಗೆ ಹೋಗಿ ಬೀಗ ತೆಗೆದಿದ್ದಳು.

ಶಿಬಿರದವರೆಲ್ಲ ಸೇರಿದ ಮೇಲೆ, ಮಾತ್ರೆಯನ್ನು ಮನೆಗೇ ಕೊಡುತ್ತೇವೆ, ಸೀಲು ಇನ್ನಿಲ್ಲ, ಯಾರ ಕಾರ್ಡೂ ರದ್ದಾಗಲ್ಲ ಅಂದಳು. ಆಮೇಲೆ ನೋಟ್‌ಬುಕ್ ತೆರೆದು ನಿಂತಳು. “ನಿಮಗೆ ಏನೇನು ತೊಂದರೆ ಇದೆ ಹೇಳಿ. ಬರ್ಕೋತೀನಿ.”

ಯಾರೂ ಬಾಯಿ ಬಿಡಲಿಲ್ಲ. ಒಬ್ಬರು ಚಪ್ಪಲಿ ನೋಡಿಕೊಂಡರು, ಒಬ್ಬರು ಕೆಮ್ಮಿದರು. ಮಗಳು ಪಾಠ ಶುರು ಮಾಡುತ್ತಾಳೆ ಅಂತ ಆಯಮ್ಮ ಹಲ್ಲು ಕಚ್ಚಿ ಕಾದಳು. ಮಗಳು ಸುಮ್ಮನೆ ನಿಂತೇ ಇದ್ದಳು. ತುಂಬಾ ಹೊತ್ತಾದ ಮೇಲೆ ಹಿಂದಿನ ಸಾಲಿನ ಮುದುಕಿಯೊಬ್ಬಳು, “ಆರೂವರೆಗೆ ಬರೋಕೆ ಬೀದಿ ನಾಯಿಗಳ ಕಾಟ ಮೇಡಮ್,” ಅಂದಳು. ಮಗಳು ಬರೆದಳು. “ನರ್ಸಮ್ಮ ಹೇಳೋದು ನನ್ನ ಕಿವಿಗೆ ಕೇಳಲ್ಲ, ಸುಮ್ನೆ ತಲೆ ಆಡಿಸ್ತೀನಿ,” ಅಂದರು ಮತ್ತೊಬ್ಬರು. ಅದನ್ನೂ ಬರೆದಳು. ಆಮೇಲೆ ಒಂದೇ ಸಮನೆ ಶುರುವಾಯಿತು, ಪುಟ ತುಂಬಿ ಇನ್ನೊಂದು ಪುಟಕ್ಕೆ ಹೋಯಿತು.

ಬೆಂಚಿನಲ್ಲಿ ಕೂತಿದ್ದ ಆಯಮ್ಮ ಕೈ ಎತ್ತಿದಳು. “ನಂದೂ ಒಂದು ಬರ್ಕೋ.”

“ಹೇಳಮ್ಮ.”

“ನನ್ನ ಮಗಳು ಎರಡು ವರ್ಷದಿಂದ ‘ಹೇಗಿದೀಯ’ ಅಂತ ನನ್ನ ಕೇಳಿದ್ದು ಫಾರ್ಮು ತುಂಬೋಕೆ ಮಾತ್ರ.”

ಪೆನ್ನು ನಿಂತಿತು.

“ನಿಲ್ಲಿಸಿದ್ಯಾಕೆ? ಎಲ್ಲರದೂ ಬರೆದೆ, ನಂದೂ ಬರಿ.”

ಮಗಳು ಬರೆದಳು. ಅಕ್ಷರ ಸೊಟ್ಟಗಾದವು. ಬರೆದು ತಲೆ ಎತ್ತದೆ, “ಮುಂದೆ?” ಅಂದಳು.

“ಮುಂದೆ ಬೇಕಾದಷ್ಟಿದೆ. ನಿಂತ್ಕೊಂಡು ಬರೆದು ಮುಗಿಸೋ ಅಷ್ಟಲ್ಲ. ಕೂತ್ಕೋ.”

ಆಯಮ್ಮ ಬೆಂಚಿನಲ್ಲಿ ಸ್ವಲ್ಪವೂ ಸರಿಯಲಿಲ್ಲ. ಮಗಳು ಅವಳ ಕಾಲ ಹತ್ತಿರ, ಕಾದ ಕಲ್ಲಿನ ಮೇಲೆಯೇ ಕೂತು ಹೊಸ ಪುಟ ತಿರುವಿದಳು.